ಆರನೇ ಬಂಡೆಯ ಖಾಯಂ ಗಿರಾಕಿ

ಯಜಮಾನರು ಕಾರ್ಖಾನೆಯ ಕ್ಯಾಂಟೀನಿನಿಂದ ನಿವೃತ್ತರಾಗಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಟೈಲರಮ್ಮನಿಗೆ ಒಂದು ವಿಷಯ ಮನದಟ್ಟಾಯಿತು: ಆರುನೂರು ಜನರಿಗೆ ಅಡುಗೆ ಮಾಡಿಸಿದ ಗಂಡನನ್ನು ಇಬ್ಬರ ಮನೆಯಲ್ಲಿ ಇಟ್ಟುಕೊಳ್ಳುವುದು ನಡುಮನೆಯಲ್ಲಿ ಲಾರಿ ನಿಲ್ಲಿಸಿಕೊಂಡ ಹಾಗೆ. ಎಂಜಿನ್ ಆಫ್ ಆಗಿದ್ದರೂ ಓಡಾಡಲು ಜಾಗ ಇರುವುದಿಲ್ಲ. ಅವರು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಮರುವಾರ ಅದು ಸರಿಬೀಳದೆ ಅಕ್ಷರದ ಪ್ರಕಾರ ಜೋಡಿಸಿದರು. ಊಟದ ಹೊತ್ತಿಗೆ ಪಾತ್ರೆಯ ಕಂಠಕ್ಕೆ ಸೌಟಿನಿಂದ ಮೂರು ಸಲ ಬಾರಿಸಿ, ಪಕ್ಕದ ಕೋಣೆಯಲ್ಲಿ ಕೂತ ಹೆಂಡತಿಯನ್ನು ಕರೆದರು. ಕ್ಯಾಂಟೀನಿನಲ್ಲಿ ಮೂವತ್ತೈದು ವರ್ಷ ಹಾಗೆ ಬಾರಿಸಿದ ಮೇಲೆಯೇ ಸಾಲು ಮುಂದೆ ಸರಿಯುತ್ತಿದ್ದದ್ದು.

"ಆರುನೂರು ಜನಕ್ಕೆ ಬಾರಿಸಿದ್ದನ್ನ ನನಗೊಬ್ಬಳಿಗೆ ಬಾರಿಸಬೇಡಿ ರೀ," ಎಂದಿದ್ದರು ಟೈಲರಮ್ಮ.

ಮೂರನೆಯ ವಾರ ಅವರು ಹೊಲಿಗೆ ಕೋಣೆಗೇ ಬಂದು, ಕತ್ತರಿಗಳೆಲ್ಲ ಒಂದೇ ಕಡೆ ಮುಖ ಮಾಡಿ ಮಲಗಿದರೆ ಕೆಲಸ ಬೇಗ ಸಾಗುತ್ತದೆ ಎಂದು ಸಲಹೆ ಕೊಟ್ಟರು. ಅಂದು ಸಂಜೆ ಟೈಲರಮ್ಮ ತಮ್ಮನಿಗೆ ಫೋನ್ ಮಾಡಿದರು. ತಮ್ಮನಿಗೆ ಬಂದರಿನಲ್ಲಿ ಸ್ವಂತ ದೋಣಿ ಇತ್ತು.

"ನಿನ್ನ ಭಾವನಿಗೆ ಏನಾದ್ರೂ ಕೆಲಸ ಹುಡುಕೋ."

"ಭಾವನಿಗೆ ಈಜು ಬರುತ್ತಾ?"

"ಇಲ್ಲ."

"ಬಲೆ ಎಳೀತಾರಾ?"

"ಸೊಂಟ ಹಿಡಿಯುತ್ತೆ."

"ಮತ್ತೇನು ಬರುತ್ತೆ ಅಕ್ಕಾ ಅವರಿಗೆ?"

"ಬಡಿಸೋಕೆ ಬರುತ್ತೆ."

ತಮ್ಮ, "ಮೀನಿಗೆ ಬಡಿಸ್ತಾರಾ ಕೇಳು," ಎಂದ.

ಅವನು ತಮಾಷೆ ಮಾಡುತ್ತಿರಲಿಲ್ಲ. ಬಂದರಿನಿಂದ ಅರ್ಧ ಗಂಟೆ ದೂರದಲ್ಲಿ, ಸಮುದ್ರದ ತಳದಲ್ಲಿ ಆರು ದೊಡ್ಡ ಬಂಡೆಗಳ ಸಾಲೊಂದಿದೆ. ಒಂದು ಕಾಲಕ್ಕೆ ಅಲ್ಲಿ ಮುರು ಮೀನು ಹೇರಳ. ದಪ್ಪ ತುಟಿ, ಮೈತುಂಬ ಚುಕ್ಕೆ, ಕೂತ ಕುರ್ಚಿಯನ್ನು ಯಾರೋ ಎಳೆದುಕೊಂಡರೇನೋ ಎಂಬಂಥ ಮುಖ. ಬಂಡೆಯಲ್ಲಿ ಒಂದು ಪೊಟರೆ ಹಿಡಿದರೆ ಹಳೇ ಬಾಡಿಗೆದಾರನಂತೆ ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಬಿಡದ್ದರಿಂದಲೇ ಅದನ್ನು ಹಿಡಿಯುವುದು ಸುಲಭ. ಸುಲಭವಾದ್ದರಿಂದಲೇ ಅದು ಹೆಚ್ಚುಕಡಿಮೆ ಮುಗಿದೂ ಹೋಗಿತ್ತು. ನಾಲ್ಕು ವರ್ಷದ ಹಿಂದೆ ದೋಣಿಯವರೂ ಮೀನು ಸಂಶೋಧನಾ ಕೇಂದ್ರದವರೂ ಕೂತು ಮಾತಾಡಿ, ಆ ಬಂಡೆಗಳ ಸುತ್ತ ಮೀನು ಹಿಡಿಯುವುದನ್ನು ನಿಲ್ಲಿಸಿದ್ದರು. ಆರು ಬಂಡೆಗಳಲ್ಲಿ ಐದರಲ್ಲಾದರೂ ಮುರು ಕಾಣಿಸಿದ ದಿನ ಮತ್ತೆ ತೆರೆಯುವುದು ಎಂದು ಒಪ್ಪಂದ. ಕಾಣಿಸಿತೋ ಇಲ್ಲವೋ ಎಂದು ನೋಡುತ್ತಿರಲು ಕೇಂದ್ರದಲ್ಲಿ ಇದ್ದದ್ದು ಒಬ್ಬಳು ಯುವ ವಿಜ್ಞಾನಿ, ಒಂದು ಕ್ಯಾಮೆರಾ, ಮತ್ತು 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂಬ ಬೋರ್ಡು. ಬಂದರಿನವರು ಆಕೆಯನ್ನು ಮೀನು ಮೇಡಂ ಎನ್ನುತ್ತಿದ್ದರು. ವಾರಕ್ಕೊಮ್ಮೆ ಆಕೆಗೆ ದೋಣಿ ಕೊಡುತ್ತಿದ್ದವನು ಟೈಲರಮ್ಮನ ತಮ್ಮ.

ಕೆಲಸ ಸರಳವಾಗಿತ್ತು. ಕಬ್ಬಿಣದ ಚೌಕಟ್ಟಿನ ಮೇಲೆ ಕ್ಯಾಮೆರಾ; ಅದರ ಮುಂದೆ ಕೋಲಿನ ತುದಿಯಲ್ಲಿ ತೂತು ತೂತಾದ ಡಬ್ಬಿ; ಡಬ್ಬಿಯೊಳಗೆ ಕೊಚ್ಚಿದ ಬೂತಾಯಿ ಮೀನು ಎಂಟುನೂರು ಗ್ರಾಂ, ಹೆಚ್ಚಿಲ್ಲ, ಕಡಿಮೆಯಿಲ್ಲ. ಬಂಡೆಯ ಪಕ್ಕ ಅದನ್ನು ಒಂದು ಗಂಟೆ ಇಳಿಬಿಟ್ಟು, ಎತ್ತಿ, ಡಬ್ಬಿಯಲ್ಲಿ ಉಳಿದದ್ದನ್ನು ಮುಚ್ಚಳದ ಬಕೆಟ್ಟಿಗೆ ಹಾಕಿ ದಡಕ್ಕೆ ತರಬೇಕು. ಮುಂದಿನ ಬಂಡೆಗೆ ಹೊಸ ಡಬ್ಬಿ. ಚಿತ್ರಗಳು ಮನೆಯಲ್ಲಿ ಕೂತ ಸ್ವಯಂಸೇವಕರ ಕಂಪ್ಯೂಟರಿಗೆ ಹೋಗುತ್ತವೆ. ಯಂತ್ರವೇ ಪ್ರತಿ ಮೀನಿನ ಸುತ್ತ ಹಳದಿ ಚೌಕ ಹಾಕಿ ಇದು ಇಂಥ ಮೀನು ಎನ್ನುತ್ತದೆ. ನೋಡುವವರು 'ಸರಿ' ಅಥವಾ 'ತಪ್ಪು' ಒತ್ತಬೇಕು.

ಡಬ್ಬಿ ತುಂಬುವ ಕೆಲಸ ಯಜಮಾನರಿಗೆ ಬಂತು. ಅಂದಿನಿಂದ ಮೀನು ಮೇಡಂ ದಡದಲ್ಲೇ ಉಳಿದು ಚಿತ್ರಗಳ ಕೆಲಸ ನೋಡಿಕೊಂಡಳು; ದೋಣಿಯಲ್ಲಿ ಭಾವ, ಮೈದುನ ಇಬ್ಬರೇ. ಮಂಗಳವಾರ ಸಮುದ್ರ, ಸೋಮವಾರ ಬೂತಾಯಿ ಆರಿಸುವುದು, ಭಾನುವಾರ ಚೂರಿ ಮಸೆಯುವುದು, ಬುಧವಾರ ಕಂಪ್ಯೂಟರಿನಲ್ಲಿ ಫಾರಂ ತುಂಬುವುದು. ಫಾರಂನ ಕೊನೆಯಲ್ಲಿ 'ಷರಾ' ಎಂಬ ಖಾಲಿ ಜಾಗವಿತ್ತು. ಇತರರು ಅದರಲ್ಲಿ 'ಅಲೆ ಜಾಸ್ತಿ' ಎಂದೋ 'ನೀರು ಕದಡಿತ್ತು' ಎಂದೋ ಬರೆಯುತ್ತಿದ್ದರು. ಯಜಮಾನರು ಬರೆಯುತ್ತಿದ್ದದ್ದು ಹೀಗೆ: 'ಇಂದಿನ ಬೂತಾಯಿ ಉತ್ತಮ, ಕಣ್ಣು ತಿಳಿಯಾಗಿತ್ತು. ಒಂದು ಏಡಿ ಡಬ್ಬಿ ಬಿಡಲೇ ಇಲ್ಲ. ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ.'

ಆ ಫಾರಂಗಳನ್ನು ತಿದ್ದುವ ಕೆಲಸ ಟೈಲರಮ್ಮನಿಗೇ ಬಂದದ್ದು ಮೀನು ಮೇಡಂ ಮಾಡಿದ ಉಪಾಯ. ಮನೆಯಲ್ಲಿ ಸಿಕ್ಕ ನಿಶ್ಶಬ್ದದಲ್ಲಿ ಟೈಲರಮ್ಮ ಸುಮ್ಮನೆ ಒಂದು ಚಿತ್ರ ನೋಡಿ, ಆಮೇಲೆ ಹತ್ತು ನೋಡಿ, ಆರು ತಿಂಗಳಲ್ಲಿ ಕೇಂದ್ರದ ಅತ್ಯಂತ ನಂಬಿಕಸ್ಥ ನೋಟಗಾರ್ತಿಯಾಗಿದ್ದರು. ನಿಯಮ ಹೀಗಿತ್ತು: ಷರಾದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು. 'ಬೆಳಗಿನಿಂದ ಏನೂ ತಿಂದಿರಲಿಕ್ಕಿಲ್ಲ' ಎಂಬುದನ್ನು ಟೈಲರಮ್ಮ ಅಳಿಸುತ್ತಿದ್ದರು. ಏಡಿಯನ್ನು ಉಳಿಸಿಕೊಳ್ಳುತ್ತಿದ್ದರು.

ವರ್ಷ ತುಂಬುವ ಹೊತ್ತಿಗೆ ಕೇಂದ್ರದ ಗೋಡೆಯ ಗ್ರಾಫು ಮೇಲೇರಿತ್ತು. ಮೊದಲು ಒಂದು ಬಂಡೆಯಲ್ಲಿ ಮುರು, ಆಮೇಲೆ ಎರಡರಲ್ಲಿ, ನಾಲ್ಕರಲ್ಲಿ; ಕೊನೆಯ ಮಂಗಳವಾರ ಆರಕ್ಕೆ ಆರು. ಮೀನು ಮೇಡಂ ಗ್ರಾಫಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಳು. ತಮ್ಮ ಮಡಚಿಟ್ಟ ಬಲೆಯನ್ನು ಬಿಸಿಲಿಗೆ ಹಾಕಿದ. ಬಂದರಿನಲ್ಲಿ ಯಜಮಾನರನ್ನು ಕಂಡವರೆಲ್ಲ "ನಿಮ್ಮ ಕೈಗುಣ" ಎನ್ನತೊಡಗಿದರು. ಕೈಗುಣ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಜಮಾನರು ಎರಡು ಅಂಗುಲ ಎತ್ತರವಾಗಿ ನಡೆದರು ಎಂಬುದನ್ನು ಟೈಲರಮ್ಮ ಟೇಪು ಹಿಡಿಯದೆಯೇ ಅಂದಾಜು ಮಾಡಿದರು.

ಇನ್ನು ಉಳಿದದ್ದು ಅಂತಿಮ ಪರಿಶೀಲನೆ. ಚಿತ್ರಗಳು ಯಾವಾಗಲೂ ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಹೋಗುತ್ತಿದ್ದವು. ಒಂದೇ ದಿನದ ಆರನ್ನೂ ಒಬ್ಬರೇ ಸಾಲಾಗಿ ನೋಡಿದ್ದಿಲ್ಲ. ಈ ಸಲ ಆರನ್ನೂ ಟೈಲರಮ್ಮನಿಗೇ ಕಳಿಸಿದ ಮೀನು ಮೇಡಂ ಫೋನಿನಲ್ಲಿ, "ಆಂಟಿ, ಶುಕ್ರವಾರ ಮೀಟಿಂಗು. ನೀವು 'ಸರಿ' ಒತ್ತಿದ್ರೆ ಬಂಡೆ ತೆಗೆದ ಹಾಗೇ," ಎಂದಳು.

ಬುಧವಾರ ಮಧ್ಯಾಹ್ನ ಟೈಲರಮ್ಮ ಒಂದು ಲಂಗಕ್ಕೆ ಅಂಚು ಹೊಲಿಯುತ್ತ ನೋಡಲು ಕೂತರು. ಮೊದಲ ಬಂಡೆಯಲ್ಲಿ ಮುರು ನಲವತ್ತನೆಯ ನಿಮಿಷಕ್ಕೆ ಬಂತು. ಬೆನ್ನಿನ ರೆಕ್ಕೆಯಲ್ಲಿ ಮೊಳೆಗೆ ಸಿಕ್ಕಿ ಹರಿದ ಬಟ್ಟೆಯಂತೆ ಮೂಲೆಯಾಕಾರದ ಹರಕು. ಎಡಮೈಯಲ್ಲಿ ಐದು ದೊಡ್ಡ ಚುಕ್ಕೆ, ನಾಲ್ಕು ಸಾಲಿನಲ್ಲಿ, ಐದನೆಯದು ಒಂದು ಗುಂಡಿ ತಪ್ಪಿಸಿ ಹಾಕಿದ ಅಂಗಿಯಂತೆ ಪಕ್ಕಕ್ಕೆ. ಎರಡನೆಯ ಬಂಡೆಯಲ್ಲಿ ಮುರು ಇಪ್ಪತ್ತನೆಯ ನಿಮಿಷಕ್ಕೇ ಬಂತು. ಮೊಳೆಗೆ ಸಿಕ್ಕ ರೆಕ್ಕೆ. ತಪ್ಪಿದ ಗುಂಡಿ.

ಟೈಲರಮ್ಮ ಸೂಜಿ ಚುಚ್ಚಿಟ್ಟು, ಬಟ್ಟೆಯ ಮೇಲೆ ಅಳತೆ ಮೂಡಿಸುವ ತೆಳು ಕಾಗದವನ್ನು ಕಂಪ್ಯೂಟರಿನ ಪರದೆಗೆ ಅಂಟಿಸಿ ಚುಕ್ಕೆಗಳನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಂಡರು. ಮೂರನೆಯ ಬಂಡೆಯ ಮೀನಿನ ಮೇಲೆ ಆ ಕಾಗದವನ್ನು ಇಟ್ಟರೆ, ಹೊಲಿದ ಕುಪ್ಪಸ ಅದರ ಯಜಮಾನಿಗೆ ಕೂತಂತೆ ಕೂತಿತು. ನಾಲ್ಕಕ್ಕೂ. ಐದಕ್ಕೂ. ಆರನೆಯ ಬಂಡೆಯಲ್ಲಂತೂ ಕ್ಯಾಮೆರಾ ತಳ ಮುಟ್ಟಿ ಕೆಸರು ತಿಳಿಯಾಗುವ ಹೊತ್ತಿಗೆ ಆ ಮೀನು ಅಲ್ಲೇ ಕೂತಿತ್ತು, ಅಂಗಡಿಯ ಬಾಗಿಲು ತೆರೆಯುವ ಮೊದಲೇ ಜಗಲಿಯಲ್ಲಿ ಕೂತ ಗಿರಾಕಿಯ ಹಾಗೆ. ಯಂತ್ರ ಆರು ಸಲವೂ ಹಳದಿ ಚೌಕ ಹಾಕಿ 'ಮುರು' ಎಂದಿತ್ತು. ಯಂತ್ರಕ್ಕೆ ಜಾತಿ ಗೊತ್ತು, ಮುಖ ಗೊತ್ತಿಲ್ಲ. ಈ ಕಾಯಿಲೆ ಯಂತ್ರಕ್ಕೇ ಮೊದಲು ಬಂದದ್ದೇನಲ್ಲ.

ಮನೆ ಬಿಡದ ಮೀನು ಆರು ಬಂಡೆ ಸುತ್ತಿದ್ದೇಕೆ? ಅದಕ್ಕೆ ಉತ್ತರ ಕಿವಿಗೆ ಸಿಕ್ಕಿತು. ಇತರ ನೋಟಗಾರರು ಶಬ್ದ ಬಂದ್ ಮಾಡಿಕೊಂಡೇ ನೋಡುತ್ತಿದ್ದರು. ನೀರಿನ ಗುಳುಗುಳು ಬಿಟ್ಟರೆ ಕೇಳುವುದೇನು? ಟೈಲರಮ್ಮನಿಗೆ ಹೊಲಿಗೆ ಯಂತ್ರದ ಜೊತೆ ಆ ಗುಳುಗುಳು ಹಿತವಾಗಿತ್ತು; ಇಂದು ಹೊಲಿಗೆ ಯಂತ್ರ ನಿಂತಿದ್ದರಿಂದ ಅದರಡಿಯ ಸಣ್ಣ ಸದ್ದೂ ಕೇಳುವಂತಿತ್ತು. ಆರನೆಯ ಚಿತ್ರದ ಆರಂಭದಲ್ಲಿ, ಕ್ಯಾಮೆರಾ ಇನ್ನೂ ಇಳಿಯುತ್ತಿರುವಾಗ, ಮೇಲಿನಿಂದ ಸಣ್ಣಗೆ ಕೇಳಿಸಿತು: ಟಣ್, ಟಣ್, ಟಣ್.

ಆ ಶಬ್ದ ಯಾರದೆಂದು ಹೇಳಲು ಟೈಲರಮ್ಮನಿಗೆ ತೆಳು ಕಾಗದ ಬೇಕಿರಲಿಲ್ಲ.

ಅವರು ಐದು ನಿಮಿಷ ಕೈಕಟ್ಟಿ ಕೂತರು. 'ಸರಿ' ಒತ್ತಿದರೆ ಬಂಡೆಗಳು ತೆರೆಯುತ್ತವೆ, ತಮ್ಮನ ಬಲೆ ಇಳಿಯುತ್ತದೆ, ಆರು ಇವೆ ಎಂದುಕೊಂಡ ಜಾಗದಲ್ಲಿ ಇರುವ ಒಂದೂ ಹೋಗುತ್ತದೆ. 'ತಪ್ಪು' ಒತ್ತಿದರೆ ಯಜಮಾನರ ಬಕೆಟ್ಟು ಹೋಗುತ್ತದೆ. ಬಕೆಟ್ಟು ಹೋದ ಯಜಮಾನರು ಎಲ್ಲಿಗೆ ಬರುತ್ತಾರೆ ಎಂದು ಯೋಚಿಸಿ ಅವರ ಕಣ್ಣು ಕತ್ತರಿಗಳ ಕಡೆ ಹೋಯಿತು. ಕತ್ತರಿಗಳು ನೆಮ್ಮದಿಯಾಗಿ ನಾಲ್ಕು ದಿಕ್ಕಿಗೆ ಮಲಗಿದ್ದವು.

ಊಟಕ್ಕೆ ಕೂತಾಗ ಕೇಳಿದರು: "ರೀ, ಡಬ್ಬಿಗೆ ಎಷ್ಟು ಹಾಕ್ತೀರಿ?"

"ಎಂಟುನೂರು ಗ್ರಾಂ. ಬರೆದೇ ಇದೆಯಲ್ಲ."

"ತಕ್ಕಡೀಲಿ ತೂಗಿ?"

ಯಜಮಾನರು ತುತ್ತು ನಿಲ್ಲಿಸಿದರು. "ಮೂವತ್ತೈದು ವರ್ಷ ಕೈ ಅಳತೇಲಿ ಬಡಿಸಿದವನಿಗೆ ತಕ್ಕಡಿ ತೋರಿಸ್ತೀಯಾ? ಎಂಟುನೂರು ಹಾಕ್ತೀನಿ. ಮೇಲೆ ಒಂದು ಹಿಡಿ. ಅಳೆದು ಸುರಿದ ಹಾಗೆ ಇರಬಾರದು, ಬಂದವರು ಏನಂದ್ಕೋತಾರೆ."

"ಉಳಿದದ್ದನ್ನ ದಡಕ್ಕೆ ತರ್ತೀರಾ?"

"ಒಂದು ಗಂಟೆ ನೀರಲ್ಲಿ ನೆಂದದ್ದನ್ನ ಹೊತ್ಕೊಂಡು ತರೋದಾ? ಮುಂದಿನ ಬಂಡೆ ಹತ್ರ ಹೋಗಿ ಅಲ್ಲೇ ಸಮುದ್ರಕ್ಕೆ ಹಾಕ್ತೀನಿ. ತಿನ್ನೋರು ತಿಂತಾರೆ."

"ಡಬ್ಬಿಗೆ ಅಂಟಿದ್ದು?"

"ಸೌಟಲ್ಲಿ ಬಡಿದು ಉದುರಿಸ್ತೀನಿ," ಎಂದರು ಯಜಮಾನರು. "ದೋಣಿ ಅಂಚಿಗೆ ಹಿಡ್ಕೊಂಡು."

"ಎಷ್ಟು ಸಲ?"

ಟೈಲರಮ್ಮ ಎದ್ದು ಹೋಗಿ ಕಂಪ್ಯೂಟರನ್ನು ಊಟದ ಮೇಜಿಗೇ ತಂದರು. ಟಣ್, ಟಣ್, ಟಣ್ ಎಂದ ಮೇಲೆ ಕೆಸರು ತಿಳಿಯಾಗಿ, ದಪ್ಪ ತುಟಿಯ ಮೀನು ಮೇಲಕ್ಕೆ ನೋಡುತ್ತ ಕೂತಿರುವುದು ಕಾಣಿಸಿತು. ಅವರು ತೆಳು ಕಾಗದವನ್ನು ಒಂದೊಂದು ಚಿತ್ರದ ಮೇಲೆ ಇಟ್ಟು ಇಟ್ಟು ತೋರಿಸಿದರು.

ಯಜಮಾನರ ಮುಖದಲ್ಲಿ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. "ನನ್ನ ಸೌಟಿನ ಸದ್ದಿಗೆ ಬರ್ತಾನಾ?" ಎಂದರು ಮೆಲ್ಲಗೆ. "ಆರು ಕಡೆಗೂ?"

"ಆರು ಕಡೆಗೂ."

"ಏನ್ ಗಿರಾಕಿ ಕಣೇ ಇವನು." ಚಿತ್ರವನ್ನು ಇನ್ನೊಂದು ಸಲ ಹಾಕಲು ಹೇಳಿ ನೋಡಿದರು. "ಕ್ಯಾಂಟೀನಲ್ಲಿ ಒಬ್ಬನೂ ಹೀಗೆ ಬಂದಿರಲಿಲ್ಲ."

"ಆರು ಮೀನಲ್ಲ ರೀ. ಒಂದೇ."

ಯಜಮಾನರು ಕೈ ತೊಳೆದು ಬಂದು, ಒರೆಸಿದ ಮೇಜನ್ನು ಮತ್ತೆ ಒರೆಸಿದರು. ಗೋಡೆಯ ಗ್ರಾಫಿನಲ್ಲಿ ಒಂದು ವರ್ಷ ಏರಿದ್ದು ಒಂದೇ ಮೀನಿನ ಧೈರ್ಯ ಎಂಬುದು ಅವರಿಗೆ ಆಗ ಪೂರ್ತಿ ಇಳಿಯಿತು. "ನೀನು ಏನೂ ಒತ್ತಬೇಡ," ಎಂದರು. "ನಾನೇ ಹೋಗಿ ಹೇಳ್ತೀನಿ. ಉಪ್ಪು ಜಾಸ್ತಿ ಆದ ದಿನ ನಾನು ಸಪ್ಲೈಯರ್ ಕೈಲಿ ಹೇಳಿ ಕಳಿಸಿದವನಲ್ಲ."

ಗುರುವಾರ ಬೆಳಗ್ಗೆ ಇಬ್ಬರೂ ಕೇಂದ್ರಕ್ಕೆ ಹೋದರು. ಕೇಂದ್ರ ಎಂದರೆ ಐಸ್ ಕಾರ್ಖಾನೆಯ ಮೇಲಿನ ಒಂದು ಕೋಣೆ. ಒದ್ದೆ ಹಗ್ಗಗಳ ವಾಸನೆ, ಕಿಟಕಿಯಲ್ಲಿ ಒಣಗಲು ಹಾಕಿದ ಕೈಗವಸುಗಳು, ಗೋಡೆಯಲ್ಲಿ ಆ ಗ್ರಾಫು. ತಮ್ಮನೂ ಅಲ್ಲೇ ಕೂತಿದ್ದ. ಯಜಮಾನರು ಸೌಟನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು, ಮೇಲಿನ ಒಂದು ಹಿಡಿಯನ್ನೂ ಬಿಡದೆ. ಟೈಲರಮ್ಮ ಕಾಗದ ತೋರಿಸಿದರು.

ಮೀನು ಮೇಡಂ ಒಮ್ಮೆ ಗ್ರಾಫು ನೋಡಿದಳು, ಒಮ್ಮೆ ಸೌಟು ನೋಡಿದಳು, ನಗು ಬಂತು, ತಡೆದಳು, ಆಗಲಿಲ್ಲ. ನಕ್ಕು ಮುಗಿದ ಮೇಲೆ ಹೋಗಿ ಗ್ರಾಫನ್ನು ಗೋಡೆಯಿಂದ ಬಿಡಿಸಿದಳು.

ತಮ್ಮನಿಗೆ ನಗು ಬಂದಿರಲಿಲ್ಲ. "ಭಾವ, ಐದು ವರ್ಷ ಕಾದಿದ್ದೀನಿ."

"ಗೊತ್ತಪ್ಪ."

"ಅಕ್ಕಾ, ನೀನಾದ್ರೂ ಲಂಗ ಹೊಲ್ಕೊಂಡು ಸುಮ್ನೆ ಇರಬಾರದಿತ್ತಾ?"

"ಹೊಲೀತಾನೇ ನೋಡಿದ್ದು ಕಣೋ," ಎಂದರು ಟೈಲರಮ್ಮ. "ಬಲೆ ಹಾಕಿ ಒಂದೇ ಸಿಕ್ಕಿದ್ದಿದ್ರೆ ಮುಂದಿನ ವರ್ಷ ಯಾರನ್ನ ಬೈತಿದ್ದೆ?"

ತಮ್ಮ, "ನಿಮ್ಮಿಬ್ಬರನ್ನೇ," ಎಂದ.

ಮರುದಿನದ ಮೀಟಿಂಗು ಮುಂದಕ್ಕೆ ಹೋಯಿತು. ಅದರ ಮರುವಾರ ಮತ್ತೊಂದು ಸಲ ಎಣಿಸಿದರು. ಬೇರೆ ದೋಣಿ, ತಕ್ಕಡಿ ಹಿಡಿದ ಮೀನು ಮೇಡಂ, ಸೌಟಿಗೆ ಪ್ರವೇಶವಿಲ್ಲ. ನಾಲ್ಕು ಬಂಡೆಗಳಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ತಪ್ಪಿದ ಗುಂಡಿಯವನು ತನ್ನ ಪೊಟರೆಯಲ್ಲೇ ಇದ್ದ. ಐವತ್ತನೆಯ ನಿಮಿಷಕ್ಕೆ ಮುಖ ಹೊರಗೆ ಹಾಕಿ, ಇದು ಗೊತ್ತಿಲ್ಲದವರ ಮನೆ ಊಟ ಎನ್ನುವಂತೆ ಡಬ್ಬಿ ನೋಡಿ ಒಳಗೆ ಹೋದ. ಐದನೆಯದರಲ್ಲಿ ಅಂಗೈಯಷ್ಟು ಉದ್ದದ ಮುರು ಮರಿಯೊಂದು ಬಂತು. ಟೈಲರಮ್ಮ ಅದಕ್ಕೂ ಒಂದು ಕಾಗದ ಮಾಡಿದರು. ಚುಕ್ಕೆಗಳು ಬೇರೆಯೇ. ಒಟ್ಟು ಎರಡು.

ಬಂಡೆಗಳು ಇನ್ನೆರಡು ವರ್ಷ ಮುಚ್ಚಿಯೇ ಇರುವುದೆಂದಾಯಿತು. ತಮ್ಮ ಮರಿಯ ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಂದರಿನಲ್ಲಿ ಎಲ್ಲರಿಗೂ ತೋರಿಸುತ್ತ, "ನೋಡಿ, ಸೌಟಿಲ್ಲದೇ ಬಂದಿದ್ದು," ಎಂದು ಹೇಳಿಕೊಂಡು ತಿರುಗಿದ. ಕೋಪ ಇಳಿದದ್ದು ಹಾಗೆ ತಿಳಿಯಿತು. ಇನ್ನು ಮುಂದೆ ಎಣಿಕೆಯೆಲ್ಲ ಟೈಲರಮ್ಮನ ಕಾಗದದ ಮೇಲೆ ಎಂದೂ ತೀರ್ಮಾನವಾಯಿತು. ಯಜಮಾನರ ವಿಷಯದಲ್ಲಿ ನಿಯಮ ನಿಯಮವೇ: ಡಬ್ಬಿ ಕೆಡಿಸಿದವರು ಡಬ್ಬಿ ಮುಟ್ಟುವಂತಿಲ್ಲ. ಮೀನು ಮೇಡಂ ಅದನ್ನು ನೆಲ ನೋಡುತ್ತ ಹೇಳಿದಳು. ಯಜಮಾನರು ಬಕೆಟ್ಟನ್ನು ತೊಳೆದು, ಬೋರಲು ಹಾಕಿ, ಸೌಟು ಹಿಡಿದು ಮನೆಗೆ ಬಂದರು.

ಒಂಬತ್ತು ದಿನ ಮನೆಯಲ್ಲಿದ್ದರು. ಮೂರನೆಯ ದಿನ ಡಬ್ಬಿಗಳು ಬಣ್ಣದ ಪ್ರಕಾರ ನಿಂತವು. ಆರನೆಯ ದಿನ ಟೈಲರಮ್ಮ ಕತ್ತರಿ ಹುಡುಕಿದರೆ ಐದೂ ಕತ್ತರಿಗಳು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದವು. ಅವರು ಮೀನು ಮೇಡಂಗೆ ಫೋನ್ ಮಾಡಿ, ಯಾರ ಕಡೆಯಿಂದಲೂ ಕೋರಿಕೆ ಎನಿಸದ ಹಾಗೆ, ಒಂದು ಅನುಮಾನ ಕೇಳಿದರು: "ಅಲ್ಲಮ್ಮ, ದೋಣಿ ಕಂಡ್ರೆ ಹತ್ತಿರ ಬರೋ ಮೀನು, ನಾಳೆ ಬಂಡೆ ತೆಗೆದ ದಿನ ಮೊದಲನೇ ದೋಣಿಗೇ ಹೋಗಿ ಕೂರಲ್ವಾ?"

ಮರುದಿನ ಮೀನು ಮೇಡಂ ಮನೆಗೇ ಬಂದಳು.

"ಅಂಕಲ್, ಅದು ನಿಮ್ಮನ್ನ ಮರೀಬೇಕು," ಎಂದಳು. "ಇಲ್ಲದಿದ್ರೆ ಅದಕ್ಕೇ ಅಪಾಯ. ಎಷ್ಟು ದಿನಕ್ಕೆ ಮರೆಯುತ್ತೆ ಅಂತ ನನಗೂ ಗೊತ್ತಿಲ್ಲ. ಅದನ್ನ ನೀವೇ ನೋಡ್ಬೇಕು."

"ನಾನೇನು ಮಾಡ್ಬೇಕು?"

"ಪ್ರತಿ ಮಂಗಳವಾರ ಅದೇ ದೋಣಿ. ಆರನೇ ಬಂಡೆ. ಮೂರು ಸಲ ಬಾರಿಸ್ಬೇಕು. ಖಾಲಿ ಡಬ್ಬಿ ಇಳಿಸ್ಬೇಕು."

"ಖಾಲಿನಾ?"

"ಖಾಲಿ."

ಯಜಮಾನರು ಸೌಟಿನ ಹಿಡಿಯನ್ನು ತಿರುಗಿಸುತ್ತ ಕೂತರು. "ಬಾರಿಸಿ ಬಡಿಸದೇ ಇರೋದು," ಎಂದರು ಕೊನೆಗೆ. "ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಮಾಡಿಲ್ಲಮ್ಮ. ಮುಷ್ಕರದ ದಿನ ಕೂಡ."

"ಬೇರೆ ಯಾರಾದ್ರೂ ಬಾರಿಸಬಹುದು ಅಂಕಲ್. ಆದ್ರೆ ಆ ತಾಳ ಬರಬೇಕಲ್ಲ."

ಯಜಮಾನರು ಸೌಟನ್ನು ಒರೆಸಿಟ್ಟರು. ಮಂಗಳವಾರ ದೋಣಿ ಹತ್ತಿದರು.

ಮೊದಲ ವಾರ ಮೀನು ಎರಡು ನಿಮಿಷಕ್ಕೆ ಬಂತು. ಖಾಲಿ ಡಬ್ಬಿಯ ಮುಂದೆ ನಲವತ್ತು ನಿಮಿಷ ಕೂತಿತು, ಎರಡು ಸಲ ಡಬ್ಬಿಗೆ ತುಟಿ ತಾಗಿಸಿತು. ಷರಾ: 'ಬಂದಿತು. ಕಾದು ಕೂತಿತು. ನನಗೆ ಬಹಳ ಕಷ್ಟವಾಯಿತು.' ಟೈಲರಮ್ಮ ಮೂರನೆಯ ವಾಕ್ಯ ಅಳಿಸಿದರು. ಎರಡನೆಯ ವಾರ ಯಜಮಾನರ ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಒಂದು ಬೂತಾಯಿ ಸಿಕ್ಕಿತು. ಟೈಲರಮ್ಮ ಹೊರಡುವ ಮೊದಲೇ ಅದನ್ನು ತೆಗೆದಿಟ್ಟು, ಆ ಜೇಬನ್ನು ಮಷಿನ್ನಿಗೆ ಕೊಟ್ಟು ಹೊಲಿದುಬಿಟ್ಟರು. ಮೂರನೆಯ ವಾರ ಮೀನು ಹದಿನೈದು ನಿಮಿಷ ಮಾತ್ರ ಕಾದು ಕೂತಿತು. ಐದನೆಯ ವಾರ ದೂರದಲ್ಲೇ ನಿಂತು ನೋಡಿ ತಿರುಗಿತು. ದೋಣಿಯಲ್ಲಿ ಯಜಮಾನರು ಪ್ರತಿ ಸಲವೂ ಬಾರಿಸಿ ಆದ ಮೇಲೆ ನೀರಿಗೆ ಬಾಗಿ "ಇವತ್ತು ಅಡುಗೆ ಇಲ್ಲಪ್ಪ, ಮನೆಗೆ ಹೋಗು," ಎನ್ನುತ್ತಿದ್ದರೆಂದು ತಮ್ಮ ಬಂದು ಅಕ್ಕನಿಗೆ ವರದಿ ಮಾಡುತ್ತಿದ್ದ.

"ನೀನು ನಗ್ತೀಯಾ ಹಾಗಂದಾಗ?"

"ಮೊದಲೆರಡು ವಾರ ನಕ್ಕೆ," ಎಂದ ತಮ್ಮ. "ಈಗ ನಾನೂ ಹೇಳ್ತೀನಿ, ಹೋಗೋ ಮಾರಾಯ ಅಂತ."

ಏಳನೆಯ ಮಂಗಳವಾರ ಟಣ್ ಟಣ್ ಟಣ್ ಆದ ಮೇಲೆ ಒಂದು ಗಂಟೆ ಪೂರ್ತಿ ಚಿತ್ರದಲ್ಲಿ ಬಂಡೆ, ನೀರು, ಸಣ್ಣ ಮೀನುಗಳ ಒಂದು ಗುಂಪು, ಮತ್ತು ಖಾಲಿ ಡಬ್ಬಿಯನ್ನು ಬಿಡಲೊಲ್ಲದ ಒಂದು ಏಡಿ. ಮೀನು ಮೇಡಂ ಫೋನಿನಲ್ಲಿ ಕೂಗಿದಂತೆಯೇ ಅಭಿನಂದನೆ ಹೇಳಿದಳು. ಬೇರೆ ಬೇರೆ ದೋಣಿಗಳಲ್ಲಿ, ಬೇರೆ ಬೇರೆ ಬಂಡೆಗಳಲ್ಲಿ ಇನ್ನೂ ಕೆಲವು ಮಂಗಳವಾರ ಬಾರಿಸಿ ನೋಡಬೇಕಾಗುತ್ತದೆ, ವರ್ಷವಿಡೀ ಕೆಲಸ ಇದೆ ಎಂದಳು. ಟೈಲರಮ್ಮ ಮರೆಯದೆ ಆ ಕಡೆಯ ಮಾತನ್ನು ಎರಡು ಸಲ ಹೇಳಿಸಿಕೊಂಡರು.

ಬುಧವಾರ ಯಜಮಾನರು ಫಾರಂ ತುಂಬಿ, ಊಟದ ಮೇಜಿನಿಂದ ಎದ್ದು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಟೈಲರಮ್ಮ ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು.

'ಬಾರಿಸಿದ್ದು: ಮೂರು. ಮುರು ಬಂತೇ: ಇಲ್ಲ. ಷರಾ: ಬೇರೆ ಎಲ್ಲೋ ಹೊಟ್ಟೆ ತುಂಬಾ ಊಟ ಆಗಿರಬೇಕು.'

ಊಹೆಯನ್ನು ಬರೆಯಬಾರದೆಂಬ ನಿಯಮ ಪರದೆಯ ಮೇಲ್ಗಡೆ ಕೆಂಪಕ್ಷರದಲ್ಲಿ ಇದ್ದೇ ಇತ್ತು. ಟೈಲರಮ್ಮ ಅದನ್ನೂ ಒಮ್ಮೆ ಓದಿದರು. ಆಮೇಲೆ ಷರಾವನ್ನು ಇದ್ದ ಹಾಗೇ ಬಿಟ್ಟು 'ಸರಿ' ಒತ್ತಿದರು.